ಚೌತಿ ಯಾವತ್ತು? ಪಂಚಾಂಗಕ್ಕೂ ಮೊಬೈಲಿಗೂ ಯಾಕೆ ತಾಳೆಯಾಗುವುದಿಲ್ಲ

ಪ್ರಶ್ನೆ: ನಮ್ಮದು ಕುಮಟಾ ತಾಲೂಕು, ಅಘನಾಶಿನಿ ದಂಡೆಯ ಊರು. ಅಮ್ಮ ಪಂಚಾಂಗ ನೋಡಿ ಹಬ್ಬ ಮಾಡುತ್ತಾರೆ. ನನ್ನ ಮೊಬೈಲಿನ ಆ್ಯಪ್ ಕೆಲವು ಸಲ ಬೇರೆಯೇ ದಿನ ತೋರಿಸುತ್ತದೆ. ಯಾವುದು ಸರಿ? ಎಂಟನೇ ಕ್ಲಾಸಿನ ಮಗ, ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗುತ್ತಾನೆ ಅನ್ನುತ್ತಾನೆ, ಹೌದಾ? 2026ರಲ್ಲಿ ಚೌತಿ ಯಾಕಿಷ್ಟು ತಡ? ಅಮಾವಾಸ್ಯೆ-ಹುಣ್ಣಿಮೆಗೆ ನದಿಯಲ್ಲಿ ನೀರು ಜಾಸ್ತಿ ಏರುವುದಕ್ಕೂ ತಿಥಿಗೂ ಲೆಕ್ಕ ಇದೆಯಾ?

ಉತ್ತರ: ಒಂದೇ ಪತ್ರದಲ್ಲಿ ನಾಲ್ಕು ಪ್ರಶ್ನೆ ಕೇಳಿದ್ದೀರಿ. ಆದರೆ ನಾಲ್ಕಕ್ಕೂ ಬೇರು ಒಂದೇ. ತಿಥಿ ಅಂದರೆ ದಿನ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. ತಿಥಿ ದಿನವಲ್ಲ, ಅದೊಂದು ಕೋನ. ಇಷ್ಟು ತಿಳಿದರೆ ಅಮ್ಮನ ಪಂಚಾಂಗಕ್ಕೂ ನಿಮ್ಮ ಆ್ಯಪಿಗೂ ಇರುವ ಜಗಳ ಮುಕ್ಕಾಲು ಪಾಲು ಮುಗಿಯುತ್ತದೆ.

ಅಮಾವಾಸ್ಯೆ ಮುಗಿಯುವ ಗಳಿಗೆಯಲ್ಲಿ ಸೂರ್ಯ, ಚಂದ್ರ ಇಬ್ಬರೂ ಆಕಾಶದಲ್ಲಿ ಒಂದೇ ದಿಕ್ಕಿನಲ್ಲಿ ಇರುತ್ತಾರೆ. ಅಲ್ಲಿಂದ ಚಂದ್ರ ಮುಂದೆ ಓಡುತ್ತಾನೆ. ಇಬ್ಬರ ನಡುವೆ 12 ಡಿಗ್ರಿ ಅಂತರ ಆದಾಗ ಪಾಡ್ಯ ಮುಗಿಯಿತು, ಬಿದಿಗೆ ಶುರು. 24 ಡಿಗ್ರಿಗೆ ಬಿದಿಗೆ ಮುಗಿಯಿತು. 180 ಡಿಗ್ರಿ ಆದಾಗ ಹುಣ್ಣಿಮೆ ಮುಗಿಯುತ್ತದೆ. ಸುತ್ತು ಪೂರ್ತಿಯಾಗಲು ಮೂವತ್ತು ತಿಥಿ, ಅಂದರೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ. ಭಾಗಿಸಿ ನೋಡಿ, ಒಂದು ತಿಥಿಗೆ ಸರಾಸರಿ 23 ಗಂಟೆ 37 ನಿಮಿಷ ಬರುತ್ತದೆ. ದಿನಕ್ಕಿಂತ ಸ್ವಲ್ಪ ಕಡಿಮೆ.

ಸರಾಸರಿ ಅಂದೆ. ನಿಜದಲ್ಲಿ ತಿಥಿ ಯಾವತ್ತೂ ಒಂದೇ ಉದ್ದ ಇರುವುದಿಲ್ಲ. ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಭೂಮಿಗೆ ಹತ್ತಿರ ಬಂದಾಗ, ಸುಮಾರು 3,63,000 ಕಿ.ಮೀ. ದೂರದಲ್ಲಿ, ಅವನ ಓಟ ಜೋರು. 4,05,000 ಕಿ.ಮೀ. ಆಚೆ ಹೋದಾಗ ನಿಧಾನ. ಜೋರಾಗಿ ಓಡುವಾಗ 12 ಡಿಗ್ರಿ ದಾಟಲು ಇಪ್ಪತ್ತು ಗಂಟೆ ಸಾಕು. ನಿಧಾನ ಇದ್ದಾಗ ಇಪ್ಪತ್ತಾರೂವರೆ ಗಂಟೆಗೂ ಜಾಸ್ತಿ ಬೇಕು. ಹಾಗಾಗಿ ತಿಥಿ ಬೆಳಿಗ್ಗೆ ಹತ್ತಕ್ಕೂ ಮುಗಿಯಬಹುದು, ರಾತ್ರಿ ಎರಡಕ್ಕೂ ಮುಗಿಯಬಹುದು. ಗಡಿಯಾರದ ಹನ್ನೆರಡಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಈಗ ಕ್ಯಾಲೆಂಡರಿನ ತೊಂದರೆ. ಒಂದು ಚೌಕದಲ್ಲಿ ಒಂದು ತಿಥಿ ಬರೆಯಬೇಕು. ಯಾವುದನ್ನು ಬರೆಯುವುದು? ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದನ್ನು ಬರೆಯುವುದು ರೂಢಿ. ಇಂದು ಸೂರ್ಯೋದಯ ಆದಮೇಲೆ ಶುರುವಾಗಿ ನಾಳೆ ಸೂರ್ಯೋದಯದ ಒಳಗೇ ಮುಗಿದ ತಿಥಿಗೆ ಚೌಕವೇ ಸಿಗುವುದಿಲ್ಲ. ಅದು ಕ್ಷಯ ತಿಥಿ. ಎರಡು ಸೂರ್ಯೋದಯ ನೋಡಿದ ತಿಥಿಗೆ ಎರಡು ಚೌಕ, ಅದು ವೃದ್ಧಿ. ಹನ್ನೆರಡು ಚಾಂದ್ರ ತಿಂಗಳಿಗೆ 360 ತಿಥಿ, ದಿನ ಇರುವುದು 354 ಮಾತ್ರ. ವೃದ್ಧಿಗಿಂತ ಕ್ಷಯ ಜಾಸ್ತಿ ಬರಲೇಬೇಕು, ಅಲ್ವಾ?

ಆದರೆ ಹಬ್ಬಗಳು ಸೂರ್ಯೋದಯವನ್ನೇ ಕೇಳುವುದಿಲ್ಲ. ಗಣೇಶ ಚೌತಿಗೆ ಮಧ್ಯಾಹ್ನದಲ್ಲಿ ಚೌತಿ ಇರಬೇಕು. ಸಂಕಷ್ಟಿಗೆ ಚಂದ್ರ ಹುಟ್ಟುವ ಹೊತ್ತಿನಲ್ಲಿ ಇರಬೇಕು. ದೀಪಾವಳಿಯ ಲಕ್ಷ್ಮೀಪೂಜೆಗೆ ಸಂಜೆ ದೀಪ ಹಚ್ಚುವಾಗ ಅಮಾವಾಸ್ಯೆ ಬೇಕು. ಗೋಕರ್ಣದ ಶಿವರಾತ್ರಿಗೆ ನಡುರಾತ್ರಿಯ ಚತುರ್ದಶಿ. ಕ್ಯಾಲೆಂಡರಿನ ಚೌಕದಲ್ಲಿ ತದಿಗೆ ಅಂತ ಬರೆದ ದಿನವೇ ಚೌತಿ ಹಬ್ಬ ಬಂದರೆ ತಪ್ಪಲ್ಲ.

2023ರ ಚೌತಿ ನೆನಪಿದೆಯೇ? ಕರ್ನಾಟಕದ ತುಂಬ ಗೊಂದಲ. ಕೆಲವರು ಸೆಪ್ಟೆಂಬರ್ 18ಕ್ಕೆ ಗಣಪತಿ ಇಟ್ಟರು, ಕೆಲವರು 19ಕ್ಕೆ. ಆ ಸಲ ಚೌತಿ ತಿಥಿ ಶುರುವಾದದ್ದು 18ರ ಮಧ್ಯಾಹ್ನ 12.40ರ ಸುಮಾರಿಗೆ. ಮುಗಿದದ್ದು 19ರ ಮಧ್ಯಾಹ್ನ 1.45ರ ಸುಮಾರಿಗೆ. ಹಗಲನ್ನು ಐದು ಪಾಲು ಮಾಡಿದರೆ ಮೂರನೆಯ ಪಾಲು ಮಧ್ಯಾಹ್ನ, ನಮ್ಮ ಕಡೆ ಸೆಪ್ಟೆಂಬರಿನಲ್ಲಿ ಸುಮಾರು 11ರಿಂದ 1.30. 18ರಂದು ಆ ಪಾಲಿನ ಕೊನೆಯ ಮುಕ್ಕಾಲು-ಒಂದು ಗಂಟೆ ಮಾತ್ರ ಚೌತಿ ಇತ್ತು. 19ರಂದು ಇಡೀ ಪಾಲಿನಲ್ಲಿ ಇತ್ತು. ಎರಡೂ ದಿನದ ಮಧ್ಯಾಹ್ನಕ್ಕೆ ಚೌತಿ ತಾಗಿದರೆ ಯಾವುದನ್ನು ಹಿಡಿಯಬೇಕು ಅನ್ನುವುದೇ ಜಗಳ. ಅದು ಆಕಾಶದ ಪ್ರಶ್ನೆ ಅಲ್ಲ, ಸಂಪ್ರದಾಯದ ಪ್ರಶ್ನೆ. ದೂರದರ್ಶಕ ಇಟ್ಟುಕೊಂಡು ಕೂತರೂ ಉತ್ತರ ಸಿಗುವುದಿಲ್ಲ. ನಿಮ್ಮ ಮನೆಯ ಪುರೋಹಿತರನ್ನೇ ಕೇಳಬೇಕು.

ಇನ್ನೊಂದು ಕಾರಣ ನೀವು ಎಲ್ಲಿದ್ದೀರಿ ಎನ್ನುವುದು. ತಿಥಿ ಮುಗಿಯುವ ಗಳಿಗೆ ಇಡೀ ಲೋಕಕ್ಕೆ ಒಂದೇ, ಯಾಕೆಂದರೆ ಅದು ಸೂರ್ಯ-ಚಂದ್ರರ ನಡುವಿನ ಕೋನ. ಸೂರ್ಯೋದಯ, ಸೂರ್ಯಾಸ್ತ ಮಾತ್ರ ಊರಿಗೊಂದು. 2024ರ ದೀಪಾವಳಿ ನೋಡಿ. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3.52ಕ್ಕೆ ಶುರುವಾಗಿ ನವೆಂಬರ್ 1ರ ಸಂಜೆ 6.16ಕ್ಕೆ ಮುಗಿಯಿತು. ನವೆಂಬರ್ 1ಕ್ಕೆ ಕೋಲ್ಕತ್ತಾದಲ್ಲಿ ಸೂರ್ಯ ಮುಳುಗುವುದು ಸುಮಾರು ಐದು ಗಂಟೆಗೆ. ಮುಳುಗಿದ ಮೇಲೂ ಅಲ್ಲಿ ಒಂದೂಕಾಲು ಗಂಟೆ ಅಮಾವಾಸ್ಯೆ. ಕಾರವಾರದಲ್ಲಿ ಮುಳುಗುವುದು 6.05ರ ಸುಮಾರಿಗೆ. ಹಣತೆಗೆ ಎಣ್ಣೆ ಹಾಕಿ ಬತ್ತಿ ಹೊಸೆಯುವಷ್ಟರಲ್ಲಿ ಅಮಾವಾಸ್ಯೆ ಹೋಯಿತು! ದುಬೈಯಲ್ಲಿರುವ ನಮ್ಮೂರಿನವರಿಗೆ ಅದೇ ಗಳಿಗೆ ಅಲ್ಲಿಯ 4.46. ಸೂರ್ಯ ಮುಳುಗುವುದರೊಳಗೇ ಪಾಡ್ಯ ಬಂದಿತ್ತು.

ಹಾಗಾಗಿ ಮೊದಲು ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಊರು ಇದೆ ಅಂತ ನೋಡಿ. ದೆಹಲಿಯೋ ಉಜ್ಜಯಿನಿಯೋ ಇದ್ದರೆ ಕುಮಟಾ ಅಥವಾ ಕಾರವಾರ ಮಾಡಿ. ನಮ್ಮ ಗಡಿಯಾರ 82½ ಡಿಗ್ರಿ ರೇಖಾಂಶದ್ದು, ಕಾರವಾರ ಇರುವುದು 74 ಡಿಗ್ರಿಯಲ್ಲಿ. ಸೂರ್ಯ ನಮ್ಮ ತಲೆ ಮೇಲೆ ಬರುವುದು ಅಲ್ಲಿಗಿಂತ ಅರ್ಧ ಗಂಟೆಯ ಮೇಲೆ ತಡ. ತಿಥಿ ಬೆಳಿಗ್ಗೆ ಆರೂಕಾಲಿಗೆ ಮುಗಿಯುವ ದಿನ ಆ ಅರ್ಧ ಗಂಟೆ ಸಾಕು, ಒಂದು ಕಡೆ ಇಂದು, ಇನ್ನೊಂದು ಕಡೆ ನಾಳೆ ಆಗಲು.

ಊರು ಸರಿ ಮಾಡಿದ ಮೇಲೂ ತಿಥಿ ಮುಗಿಯುವ ಹೊತ್ತೇ ಬೇರೆ ಬಂದರೆ ಅದು ಮೂರನೆಯ ಕಾರಣ. ಕೆಲವು ಪಂಚಾಂಗಗಳು ಹಳೆಯ ಸಿದ್ಧಾಂತದ ಗಣಿತವನ್ನೇ ಇಟ್ಟುಕೊಂಡಿವೆ, ಕೆಲವು ದೃಗ್ಗಣಿತ ಹಿಡಿದಿವೆ. ದೃಗ್ಗಣಿತ ಅಂದರೆ ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದುವ ಲೆಕ್ಕ. ಎರಡರ ನಡುವೆ ಕೆಲವು ಸಲ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. ಈ ಗೋಜಲು ಬಿಡಿಸಲಿಕ್ಕೆಂದೇ 1952ರಲ್ಲಿ ಸರ್ಕಾರ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಜನ ತಮ್ಮ ತಮ್ಮ ಪಂಚಾಂಗ ಬಿಡಲಿಲ್ಲ, ಅದು ಬೇರೆ ಮಾತು. ನನ್ನನ್ನು ಕೇಳಿದರೆ ದೃಗ್ಗಣಿತವೇ ಸರಿ. ಗ್ರಹಣದ ಹೊತ್ತಿಗೆ ಹಳೆಯ ಲೆಕ್ಕದವರೂ ಹೊಸ ಗಣಿತಕ್ಕೇ ಮೊರೆ ಹೋಗುತ್ತಾರೆ. ಏಕಾದಶಿ ಮೂರು ಗಂಟೆ ಹಿಂದೆಮುಂದೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಗ್ರಹಣ ಹತ್ತು ನಿಮಿಷ ತಪ್ಪಿದರೆ ಊರಿಗೆಲ್ಲ ಗೊತ್ತಾಗುತ್ತದೆ!

ಈಗ ನಿಮ್ಮ ಮಗನ ನೆರಳಿನ ಮಾತು. ಅದು ತಪ್ಪು, ಆದರೆ ಬೈಯಬೇಡಿ. ದೊಡ್ಡವರಲ್ಲೂ ಬಹಳ ಜನ ಹಾಗೇ ತಿಳಿದಿದ್ದಾರೆ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಗ್ರಹಣದಲ್ಲಿ ಮಾತ್ರ. 2025ರ ಸೆಪ್ಟೆಂಬರ್ 7ರ ರಾತ್ರಿ ಅಂಥದ್ದೇ ಆಯಿತು. 9.57ಕ್ಕೆ ನೆರಳು ತಾಗಿತು, ನಡುರಾತ್ರಿ ದಾಟಿ 1.27ಕ್ಕೆ ಬಿಟ್ಟಿತು. ಎಲ್ಲ ಸೇರಿ ಮೂರೂವರೆ ಗಂಟೆ. ಚಂದ್ರ ಕರಗುವುದು ಹದಿನೈದು ದಿನದ ಕೆಲಸ. ನೆರಳಾಗಿದ್ದರೆ ಅಷ್ಟು ದಿನ ಹಿಡಿಯುತ್ತಿರಲಿಲ್ಲ.

ಬಾಯಿಮಾತಿಗಿಂತ ಒಂದು ನಿಂಬೆಹಣ್ಣು ಮೇಲು. ಶುದ್ಧ ಸಪ್ತಮಿ ಅಥವಾ ಅಷ್ಟಮಿಯ ದಿನ, ಅಂದರೆ ಅಮಾವಾಸ್ಯೆ ಕಳೆದು ಏಳೆಂಟನೆಯ ದಿನ, ಮೋಡ ಇಲ್ಲದ ಸಂಜೆ ನಾಲ್ಕೂವರೆಗೆ ಮಗನನ್ನು ಕಡಲ ದಂಡೆಗೆ ಕರೆದುಕೊಂಡು ಹೋಗಿ. ಸೂರ್ಯ ಪಡುವಣದ ಕಡಲ ಮೇಲೆ ಇರುತ್ತಾನೆ. ಚಂದ್ರ ಮೂಡಣದ ಕಡೆ ಸಾಕಷ್ಟು ಎತ್ತರದಲ್ಲಿ, ಬೆಳ್ಳಗೆ ಮಸುಕಾಗಿ ಕಾಣುತ್ತಾನೆ. ನಿಂಬೆಹಣ್ಣನ್ನು ಬಿಸಿಲಿನಲ್ಲೇ, ಕೈ ನೀಟಾಗಿ ಚಾಚಿ, ಚಂದ್ರನ ಪಕ್ಕಕ್ಕೆ ಬರುವ ಹಾಗೆ ಹಿಡಿಯಲಿ. ಚಂದ್ರನ ಯಾವ ಮಗ್ಗುಲು ಬೆಳಗಿದೆಯೋ ಹಣ್ಣಿನ ಅದೇ ಮಗ್ಗುಲು ಬೆಳಗಿರುತ್ತದೆ, ಅಷ್ಟೇ ಪಾಲು. ಹಣ್ಣಿನ ಇನ್ನರ್ಧಕ್ಕೆ ಯಾರ ನೆರಳೂ ಬಿದ್ದಿಲ್ಲ. ಅದು ಬಿಸಿಲಿಗೆ ಬೆನ್ನು ಹಾಕಿದೆ, ಅಷ್ಟೇ. ಚಂದ್ರನದೂ ಅದೇ ಕಥೆ. ಅವನಿಗೆ ಯಾವತ್ತೂ ಅರ್ಧ ಮೈಗೆ ಬಿಸಿಲು ಇದ್ದೇ ಇದೆ. ಆ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಅನ್ನುವುದು ಮಾತ್ರ ದಿನದಿನಕ್ಕೆ ಬದಲಾಗುತ್ತದೆ. ಅಮಾವಾಸ್ಯೆಗೆ ಬೆಳಗಿದ ಮೈ ಪೂರ್ತಿ ಆಚೆ, ಹುಣ್ಣಿಮೆಗೆ ಪೂರ್ತಿ ಈಚೆ.

ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಅಂತ ಅವನು ಕೇಳೇ ಕೇಳುತ್ತಾನೆ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ಓರೆ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ಜಾರಿಹೋಗುತ್ತಾನೆ.

ತಿಥಿ ಗೊತ್ತಿದ್ದರೆ ಚಂದ್ರ ಮುಳುಗುವ ಹೊತ್ತನ್ನು ಬಾಯಲ್ಲೇ ಲೆಕ್ಕ ಹಾಕಬಹುದು. ದಿನಕ್ಕೆ ಅರವತ್ತು ಗಳಿಗೆ, ತಿಂಗಳಿಗೆ ಮೂವತ್ತು ತಿಥಿ. ತಿಥಿಗೆ ಎರಡು ಗಳಿಗೆ ಬಂತು. ಗಳಿಗೆ ಅಂದರೆ 24 ನಿಮಿಷ, ಎರಡಕ್ಕೆ 48. ಶುದ್ಧ ಪಂಚಮಿಯ ಚಂದ್ರ ಸೂರ್ಯ ಮುಳುಗಿ ಹತ್ತು ಗಳಿಗೆಗೆ, ಅಂದರೆ ನಾಲ್ಕು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಹುಣ್ಣಿಮೆ ದಾಟಿದ ಮೇಲೆ ಇದೇ ಲೆಕ್ಕ ಹುಟ್ಟುವುದಕ್ಕೆ. ಸಂಕಷ್ಟಿಯ ಚಂದ್ರ ಒಂಬತ್ತರ ಆಸುಪಾಸು ಬರುವುದು ಇದಕ್ಕೇ. ಋತುವಿಗೆ ತಕ್ಕಂತೆ ಅರ್ಧ-ಮುಕ್ಕಾಲು ಗಂಟೆ ಹಿಂದೆಮುಂದೆ ಆಗುತ್ತದೆ, ಅದನ್ನು ಹಿಡಿದು ಜಗಳ ಮಾಡಬೇಡಿ. ಭಾದ್ರಪದದ ಚೌತಿ ಚಂದ್ರನನ್ನು ನೋಡಬಾರದು ಅಂತ ಅಮ್ಮ ಹೇಳಿದರೆ ಮಗನ ಪ್ರಯೋಗಕ್ಕೆ ಉಳಿದ ಹನ್ನೊಂದು ತಿಂಗಳ ಚೌತಿ ಇದೆ.

ಇನ್ನೊಂದು ನೋಡುವಂಥದ್ದು. ಪುಸ್ತಕಗಳಲ್ಲಿ ಬಿದಿಗೆ ಚಂದ್ರನ ಚಿತ್ರವನ್ನು ಕುಡುಗೋಲು ನಿಲ್ಲಿಸಿದ ಹಾಗೆ ಬರೆದಿರುತ್ತಾರೆ. ಅದು ಉತ್ತರದ ದೂರ ದೇಶಗಳ ಚಂದ್ರ. ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಅವನು ಕಡಲ ಮೇಲೆ ಅಂಗಾತ ಮಲಗಿರುತ್ತಾನೆ, ಎರಡೂ ಕೊಂಬು ಮೇಲಕ್ಕೆ. ಸೂರ್ಯ ಮುಳುಗಿದ ಜಾಗದ ನೇರ ಮೇಲೆ ಚಂದ್ರ ಇರುವುದರಿಂದ ಬೆಳಕು ಅವನ ಅಡಿಯಿಂದ ಬೀಳುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಅವನ ದಾರಿ ದಕ್ಷಿಣಕ್ಕೆ ವಾಲುತ್ತದೆ, ಚಂದ್ರನೂ ಓರೆಯಾಗುತ್ತಾನೆ.

ಈಗ 2026ರ ಚೌತಿ. ತಾರೀಕು ಸಾಲಾಗಿ ಇಟ್ಟು ನೋಡಿ. 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14. ಮೊದಲು ಹನ್ನೊಂದು ದಿನ ಹಿಂದೆ ಬಂತು, ಆಮೇಲೆ ಒಮ್ಮೆಲೇ ಹದಿನೆಂಟು ದಿನ ಮುಂದೆ ಹೋಯಿತು. ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ ಚಿಲ್ಲರೆ, ಸೂರ್ಯನ ವರ್ಷ 365 ದಿನ ಚಿಲ್ಲರೆ. ವರ್ಷಕ್ಕೆ ಹನ್ನೊಂದು ದಿನ ಸಾಲ ಬೀಳುತ್ತದೆ. ಹಾಗೇ ಬಿಟ್ಟರೆ ಕೆಲವೇ ವರ್ಷಕ್ಕೆ ಚೌತಿ ಜೂನ್ ಮಳೆಗೆ ಬಂದು ಕೂರುತ್ತದೆ. ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಸಾಲ ತೀರಿಸುತ್ತಾರೆ. 19 ವರ್ಷಕ್ಕೆ ಏಳು ಅಧಿಕ ಮಾಸ ಹಾಕಿದರೆ 235 ಚಾಂದ್ರ ತಿಂಗಳು ಬಹುತೇಕ ಸರಿಯಾಗಿ ಕೂರುತ್ತವೆ.

ಯಾವ ತಿಂಗಳಿಗೆ ಸೇರಿಸುವುದು? ಇಲ್ಲಿ ಯಾರ ಇಷ್ಟವೂ ನಡೆಯುವುದಿಲ್ಲ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ಒಳಗೆ ಸಂಕ್ರಮಣ (ಸೂರ್ಯ ಒಂದು ರಾಶಿಯಿಂದ ಮುಂದಿನದಕ್ಕೆ ದಾಟುವುದು) ಬರಲಿಲ್ಲ ಅಂದರೆ ಆ ತಿಂಗಳು ಅಧಿಕ. 2026ರಲ್ಲಿ ಸೂರ್ಯ ವೃಷಭಕ್ಕೆ ಬಂದದ್ದು ಮೇ 15ರ ಬೆಳಿಗ್ಗೆ. ಮೇ 16ರ ರಾತ್ರಿ ಕಳೆದು 17ರ ನಸುಕಿನ ಒಂದೂವರೆಗೆ ಅಮಾವಾಸ್ಯೆ ಮುಗಿದು ಹೊಸ ತಿಂಗಳು ಶುರು. ಆ ತಿಂಗಳು ಮುಗಿದದ್ದು ಜೂನ್ 15ರ ಬೆಳಿಗ್ಗೆ ಎಂಟೂವರೆ ಸುಮಾರಿಗೆ. ಮಿಥುನ ಸಂಕ್ರಮಣ ಅದೇ ದಿನ, ಆದರೆ ಮಧ್ಯಾಹ್ನ! ನಾಲ್ಕೈದು ಗಂಟೆಯಲ್ಲಿ ಸಂಕ್ರಮಣ ತಪ್ಪಿತು. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಆಯಿತು, ಆಮೇಲಿನ ಹಬ್ಬಗಳೆಲ್ಲ ಮುಂದೆ ಹೋದವು.

ಅಧಿಕ ಮಾಸ ಬೇಸಿಗೆ-ಮಳೆಗಾಲದ ಕಡೆಗೇ ಜಾಸ್ತಿ ಬರುವುದಕ್ಕೂ ಕಾರಣ ಇದೆ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ ಇರುತ್ತದೆ. ಸೂರ್ಯ ನಿಧಾನ ಸರಿದಂತೆ ಕಾಣುತ್ತಾನೆ. ವೃಷಭ, ಮಿಥುನ, ಕರ್ಕ ದಾಟಲು ತಲಾ 31 ದಿನದ ಮೇಲೆ ಬೇಕು. ಅಷ್ಟು ಉದ್ದದ ಸೌರ ತಿಂಗಳ ಒಳಗೆ ಚಾಂದ್ರ ತಿಂಗಳು ಪೂರ್ತಿ ಹಿಡಿಸುತ್ತದೆ. ಚಳಿಗಾಲದಲ್ಲಿ ಉಲ್ಟಾ. ಧನುರ್ಮಾಸ ಇಪ್ಪತ್ತೊಂಬತ್ತು ದಿನ ಚಿಲ್ಲರೆ ಮಾತ್ರ. ಅಪರೂಪಕ್ಕೆ ಒಂದೇ ಚಾಂದ್ರ ತಿಂಗಳಲ್ಲಿ ಎರಡು ಸಂಕ್ರಮಣ ಬಂದು ಒಂದು ತಿಂಗಳ ಹೆಸರೇ ಬಿಟ್ಟುಹೋಗುತ್ತದೆ. ಅದು ಕ್ಷಯ ಮಾಸ, 1982-83ರಲ್ಲಿ ಬಂದಿತ್ತು.

ನಿಮ್ಮ ಊರಿನ ಮೀನುಗಾರರಿಗೆ ಎರಡೂ ಲೆಕ್ಕ ಬೇಕು. ಯಾಂತ್ರಿಕ ದೋಣಿಗಳ ಮಳೆಗಾಲದ ನಿಷೇಧ ಜೂನ್ 1ರಿಂದ ಜುಲೈ 31, ಅದು ಸೂರ್ಯನ ಕ್ಯಾಲೆಂಡರ್. ಕಡಲಿಗೆ ತೆಂಗಿನಕಾಯಿ ಕೊಡುವ ನೂಲಹುಣ್ಣಿಮೆ ಚಂದ್ರನದು. 2025ರಲ್ಲಿ ಅದು ಆಗಸ್ಟ್ 9, 2026ರಲ್ಲಿ ಆಗಸ್ಟ್ 28. ಭಟ್ಕಳದ ರಂಜಾನಿಗೆ ಅಧಿಕ ಮಾಸ ಅನ್ನುವುದೇ ಇಲ್ಲ. ಅದು ವರ್ಷವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಹೊನ್ನಾವರ, ಕಾರವಾರದ ಇಗರ್ಜಿಗಳ ಈಸ್ಟರಿಗೂ ಹುಣ್ಣಿಮೆ ಬೇಕು: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಭಾನುವಾರ.

ಆ್ಯಪಿನಲ್ಲಿ ಇನ್ನೊಂದು ಆಯ್ಕೆ ಇರುತ್ತದೆ, ಅಮಾಂತ ಅಥವಾ ಪೂರ್ಣಿಮಾಂತ ಅಂತ. ಅಮಾಂತ ಇಡಿ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರ ಭಾರತದಲ್ಲಿ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಇಬ್ಬರಿಗೂ ಒಂದೇ ಹೆಸರು, ಬಹುಳದಲ್ಲಿ, ಅಂದರೆ ಚಂದ್ರ ಕರಗುವ ಪಕ್ಷದಲ್ಲಿ, ಅವರು ಒಂದು ತಿಂಗಳು ಮುಂದೆ. ನಮ್ಮ ಮಾಘದ ಶಿವರಾತ್ರಿ ಅವರಿಗೆ ಫಾಲ್ಗುಣದ್ದು. ದಿನ ಅದೇ.

ಕೊನೆಗೆ ನದಿ. ತಿಥಿಗೂ ನೀರಿಗೂ ಲೆಕ್ಕ ಇದೆ, ಗಟ್ಟಿಯಾಗಿಯೇ ಇದೆ. ಕಡಲನ್ನು ಚಂದ್ರನೂ ಎಳೆಯುತ್ತಾನೆ, ಸೂರ್ಯನೂ ಎಳೆಯುತ್ತಾನೆ. ನೀರು ಏರಿಸುವುದರಲ್ಲಿ ಸೂರ್ಯನ ಬಲ ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆಗೂ ಹುಣ್ಣಿಮೆಗೂ ಮೂವರೂ ಒಂದೇ ಸಾಲಿಗೆ ಬರುವುದರಿಂದ ಎರಡೂ ಎಳೆತ ಕೂಡುತ್ತದೆ. ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಎರಡೂ ಅಷ್ಟಮಿಗೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಅಡ್ಡಕ್ಕೆ. ಆಗ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ನೀರಿಗೆ ಸುದ್ದಿ ತಲುಪಲು ಒಂದೆರಡು ದಿನ ತಡ, ದೊಡ್ಡ ಉಬ್ಬರ ಪಾಡ್ಯ-ಬಿದಿಗೆಗೆ ಬರುವುದೇ ಜಾಸ್ತಿ. ಗಜನಿಗೆ, ಅಂದರೆ ಹಿನ್ನೀರಿನ ಪಕ್ಕದ ಗದ್ದೆಗೆ, ಉಪ್ಪುನೀರು ನುಗ್ಗೀತು ಅಂತ ಕಟ್ಟೆ ಕಾಯುವವರು ಹುಣ್ಣಿಮೆ ಕಳೆಯಿತು ಅಂತ ಮಲಗಬಾರದು.

ಬಳಚು (ಚಿಪ್ಪಿಜೀವಿ) ಹೆಕ್ಕಲು ಹೋಗುವವರಿಗೆ ಇಳಿತದ ಹೊತ್ತು ಮುಖ್ಯ. ಒಂದೇ ಜಾಗದಲ್ಲಿ, ಒಂದೇ ತಿಥಿಗೆ, ಇಳಿತ ಹೆಚ್ಚುಕಡಿಮೆ ಒಂದೇ ಗಂಟೆಗೆ ಬರುತ್ತದೆ. ಒಂದು ಹುಣ್ಣಿಮೆಯ ದಿನ ನಿಮ್ಮ ದಂಡೆಯಲ್ಲಿ ನೀರು ಪೂರ್ತಿ ಇಳಿದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಅಮಾವಾಸ್ಯೆಗೂ ಅದೇ ಹೊತ್ತು ಹಿಡಿಯಿರಿ. ನಡುವಿನ ದಿನಗಳಿಗೆ ದಿನಕ್ಕೆ ಸುಮಾರು ಐವತ್ತು ನಿಮಿಷ ಕೂಡಿಸುತ್ತ ಹೋಗಿ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸು ದಿನಕ್ಕೆ ಐವತ್ತಕ್ಕಿಂತ ಸ್ವಲ್ಪ ಕಡಿಮೆ, ಅಷ್ಟಮಿಯ ಆಸುಪಾಸು ಜಾಸ್ತಿ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಈ ಲೆಕ್ಕ ನಂಬಬೇಡಿ.